ಅಲಸಂಡೆ ಕುಡಿಯಲ್ಲಿ ಕೂತ ಪಂಕ್ತಿ

ಬುಧವಾರ ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ರಾಧಾಕೃಷ್ಣ ಕೆದಿಲಾಯರು ಕದ್ರಿಯ ನಾಲ್ಕು ಮಹಡಿಯ ಕಟ್ಟಡವೊಂದರ ಟೆರೇಸಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಅಲಸಂಡೆ ಬಳ್ಳಿಯ ಮೂರನೇ ಕುಡಿಯಲ್ಲಿ ಹೇನು ಎಣಿಸುತ್ತಿದ್ದರು. ಎಡಗೈಯಲ್ಲಿ ಪಂಚಾಂಗ ಓದಲಿಕ್ಕೆಂದು ಕೊಂಡ ಭೂತಕನ್ನಡಿ, ಬಲಗೈಯಲ್ಲಿ ತೆಂಗಿನ ಗರಿಯ ಕಡ್ಡಿ. ಸಂಖ್ಯೆ ನೂರ ಎಂಬತ್ತಾರಕ್ಕೆ ಬಂದಿದ್ದಾಗ ಮೆಟ್ಟಿಲಿನ ಬಾಗಿಲಲ್ಲಿ ಹೆಂಡತಿ ಗಿರಿಜಾ ಕಾಣಿಸಿಕೊಂಡರು.

“ಕಾಪಿ ಇಲ್ಲಿಗೇ ತರ್ಬೇಕಾ, ಅಲ್ಲ ಅವರದ್ದೆಲ್ಲ ಊಟ ಆದ ಮೇಲೆ ಕೆಳಗೆ ಬರ್ತೀರಾ?”

ಕೆದಿಲಾಯರು ಕಡ್ಡಿಯನ್ನು ಅಲ್ಲಾಡಿಸಲಿಲ್ಲ, ಬಾಯಿ ತೆರೆಯಲಿಲ್ಲ. ಎಡಗಾಲಿನ ಹೆಬ್ಬೆರಳನ್ನು ಮಾತ್ರ ಎರಡು ಸಲ ಎತ್ತಿ ಇಳಿಸಿದರು. ಎಣಿಸುವಾಗ ಮಾತಾಡಿದರೆ ಸಂಖ್ಯೆ ತಪ್ಪಿಸಿಕೊಳ್ಳುತ್ತದೆ. ಮೂವತ್ತೇಳು ವರ್ಷದ ಸಂಸಾರದಲ್ಲಿ ಗಿರಿಜಾರಿಗೆ ಆ ಹೆಬ್ಬೆರಳಿನ ಭಾಷೆ ಕರಗತವಾಗಿತ್ತು. ಅವರು ಲೋಟ ತಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಹೋದರು. ಕಾಪಿ ಆರಿತು. ಕುಡಿಯಲ್ಲಿ ಇನ್ನೂರ ಮೂವತ್ತೊಂದು ಹೇನು ಇದ್ದವು.

ಈ ಹೇನು ಸಾಸಿವೆಗಿಂತ ಸಣ್ಣದು, ಕಪ್ಪು, ಮಹಾ ಸೋಮಾರಿ. ಎಳೆಯ ಕುಡಿಗೆ ಮೂತಿ ಚುಚ್ಚಿ ಕೂತರೆ ಮತ್ತೆ ಏಳುವುದಿಲ್ಲ. ರಸ ಹೀರುತ್ತದೆ, ಹೆಚ್ಚಾದ ಸಿಹಿಯನ್ನು ಹಿಂದಿನಿಂದ ಅಂಟು ಹನಿಯಾಗಿ ಬಿಡುತ್ತದೆ, ಮರಿ ಹಾಕುತ್ತದೆ. ಗಂಡಿನ ಹಂಗಿಲ್ಲದೆಯೇ ಹಾಕುತ್ತದೆ. ಹುಟ್ಟಿದ ಮರಿ ಒಂದು ವಾರದಲ್ಲಿ ತಾನೂ ಅದೇ ಕೆಲಸ ಶುರುಮಾಡುತ್ತದೆ. ಫೆಬ್ರವರಿಯ ಒಣ ಹವೆ ಇದಕ್ಕೆ ಬಹಳ ಒಗ್ಗುತ್ತದೆ.

ಇಂಥದ್ದನ್ನು ಒಂದೊಂದಾಗಿ ಎಣಿಸಲು ಹೊರಡುವ ಮನುಷ್ಯ ಮಂಗಳೂರಿನಲ್ಲಿ ಬಹುಶಃ ಒಬ್ಬರೇ. ಆದರೆ ಕೆದಿಲಾಯರಿಗೆ ಇದು ಹೊಸ ಕೆಲಸವಾಗಿರಲಿಲ್ಲ. ಮೂವತ್ತನಾಲ್ಕು ವರ್ಷ ಅವರು ನಗರದ ಒಂದು ಸಭಾಭವನದಲ್ಲಿ ಊಟದ ಹಾಲ್‌ನ ಉಸ್ತುವಾರಿ ನೋಡಿಕೊಂಡವರು. ಮದುವೆಯ ದಿನ ಮೊದಲ ಪಂಕ್ತಿ ಕೂತದ್ದೇ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿ, ಒಟ್ಟು ಎಷ್ಟು ಎಲೆ ಬೀಳುತ್ತದೆಂದು ಅಡುಗೆಯವರಿಗೆ ಕೂಗಿ ಹೇಳುವುದು ಅವರ ಕೆಲಸ. ಆ ಸಂಖ್ಯೆ ನೋಡಿ ಅಕ್ಕಿ ಬೇಯುತ್ತಿತ್ತು. ಒಮ್ಮೆಯೂ ಹತ್ತು ಎಲೆಗಿಂತ ಹೆಚ್ಚು ತಪ್ಪಿದ್ದಿಲ್ಲ ಎಂದು ಅವರು ಹೇಳುತ್ತಾರೆ. ಒಮ್ಮೆ ಹದಿನಾಲ್ಕು ತಪ್ಪಿತ್ತು ಎಂದು ಗಿರಿಜಾ ಹೇಳುತ್ತಾರೆ. ಮೂರು ವರ್ಷದ ಹಿಂದೆ ಸಭಾಭವನಕ್ಕೆ ಬಫೆ ಬಂತು, ಬಾಗಿಲಿಗೆ ಕೂಪನ್ ಬಂತು. ಕೆದಿಲಾಯರು ಮನೆಗೆ ಬಂದರು. ಬಂದವರು ಮನೆಯಲ್ಲಿ ಎಣಿಸತೊಡಗಿದರು. ಎರೆದ ದೋಸೆಗೂ ತಿಂದ ದೋಸೆಗೂ ಒಂದರ ವ್ಯತ್ಯಾಸ ಬಂದಾಗ ಅದು ಎಲ್ಲಿಗೆ ಹೋಯಿತೆಂದು ಕೇಳತೊಡಗಿದರು. ಗಿರಿಜಾ ಅದೇ ವಾರ ಅಲಸಂಡೆ ಬೀಜ ತಂದು ಅವರ ಕೈಗೆ ಕೊಟ್ಟು ಟೆರೇಸಿನ ಬಾಗಿಲು ತೋರಿಸಿದ್ದು.

ಹನ್ನೆರಡು ಚೀಲ ಮಣ್ಣು, ಒಂದು ಚಪ್ಪರ, ಮೂವತ್ತು ಕುಡಿ. ಅದರಲ್ಲಿ ಹತ್ತು ಕುಡಿಗಳಿಗೆ ಕೆದಿಲಾಯರು ಕೆಂಪು ದಾರ ಕಟ್ಟಿದ್ದರು. ಎಲ್ಲವನ್ನೂ ಎಣಿಸಿದರೆ ದಿನ ಸಾಲದು. ಹತ್ತನ್ನೇ ದಿನವೂ ಎಣಿಸಿದರೆ ಏರಿತೋ ಇಳಿಯಿತೋ ತಿಳಿಯುತ್ತದೆ. ಯಾವ ಪುಸ್ತಕ ಓದಿಯೂ ಅವರು ಇದನ್ನು ಕಲಿತದ್ದಲ್ಲ.

“ಹತ್ತು ಜನರಿಗೆ ಮುಂಜಿ ಆಯ್ತು,” ಎಂದಿದ್ದರು ಗಿರಿಜಾ, ದಾರ ನೋಡಿ. “ಉಳಿದವರು ಎಂತ ಪಾಪ ಮಾಡಿದ್ದು?”

ತಕರಾರು ಶುರುವಾದದ್ದು ಹಿಂದಿನ ಭಾನುವಾರ, ಕಟ್ಟಡದ ಅಸೋಸಿಯೇಷನ್ ಮೀಟಿಂಗಿನಲ್ಲಿ. ಕಾರ್ಯದರ್ಶಿ ಆಂಡ್ರಿಯಾ ಡಿಸೋಜ ಮೂರನೇ ಮಹಡಿಯವರು, ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು; ಕಟ್ಟಡದವರಿಗೆಲ್ಲ ಅವರು ಆಂಡ್ರಿಯಾ ಬಾಯಿ, ಅವರಿಗೆ ಕೆದಿಲಾಯರು ಭಟ್ರು. ಅವರ ಬಟ್ಟೆ ಒಣಗಿಸುವ ಹಗ್ಗ ಚಪ್ಪರದ ಪಕ್ಕದಲ್ಲೇ ಇತ್ತು. ಅವರು ಬಿಳಿ ಬೆಡ್‌ಶೀಟೊಂದನ್ನು ಮೇಜಿನ ಮೇಲೆ ಹರಡಿದರು.

“ಭಟ್ರೇ, ಮುಟ್ಟಿ ನೋಡಿ. ಎಂತ ಇದು, ಜಾಮೂನಿನ ಪಾಕವಾ?”

ಕೆದಿಲಾಯರು ಮುಟ್ಟಿ ನೋಡಿದರು. ಬೆರಳು ಅಂಟಿತು.

“ಹೇನಿನದ್ದು, ಬಾಯಿ.”

“ಮದ್ದು ಬಿಡಿಸಿ. ಅಲ್ಲದಿದ್ರೆ ಬಳ್ಳಿ ತೆಗೀರಿ. ಎರಡರಲ್ಲಿ ಒಂದು.”

“ಮದ್ದು ಬೇಡ, ಬಾಯಿ. ತಿನ್ನುವವರು ಬಂದಾಗಿದೆ.”

“ಯಾರು?”

“ಗುಲಗಂಜಿ ಹುಳ. ಕೆಂಪು ಬೆನ್ನಿನಲ್ಲಿ ಕಪ್ಪು ಗೀಟು ಇರ್ತದಲ್ಲ, ಅದು. ಒಂಬತ್ತು ಬಂದಿದೆ.”

“ಹೇನು ಎಷ್ಟುಂಟು?”

“ಹತ್ತು ಕುಡಿಯಲ್ಲಿ ಸಾವಿರದ ಇನ್ನೂರ ನಲವತ್ತು.”

“ಒಂಬತ್ತು ಜನ ಸೇರಿ ಸಾವಿರದ ಇನ್ನೂರ ನಲವತ್ತನ್ನು ಖಾಲಿ ಮಾಡ್ಲಿಕ್ಕುಂಟಾ?”

“ಮೊದಲ ಪಂಕ್ತಿಗೆ ಯಾವಾಗಲೂ ಜನ ಕಡಿಮೆ,” ಎಂದರು ಕೆದಿಲಾಯರು.

ಅವರು ಹೇಳಿದ್ದು ಬರೀ ಜಂಬದ ಮಾತಲ್ಲ. ಹಿಂದಿನ ವರ್ಷದ ನೋಟುಬುಕ್ಕು ಅವರ ಚೀಲದಲ್ಲೇ ಇತ್ತು. ಅದರ ಪ್ರಕಾರ ಹೇನು ಮೊದಲು ಏರಿತ್ತು, ಒಂದು ವಾರ ತಡವಾಗಿ ಗುಲಗಂಜಿ ಹುಳಗಳು ಏರಿದ್ದವು, ಹುಳಗಳು ಹೆಚ್ಚಿದಂತೆ ಹೇನು ಧಡಕ್ಕನೆ ಇಳಿದಿತ್ತು. ತಿನ್ನಲು ಏನೂ ಉಳಿಯದಿದ್ದರೂ ಹುಳಗಳು ಇನ್ನೂ ನಾಲ್ಕು ದಿನ ಎಲೆಯ ಮೇಲೆ ಸುತ್ತಾಡಿ ಆಮೇಲೆ ಹಾರಿಹೋಗಿದ್ದವು. ಬಡಿಸಿದ್ದು ಗೊತ್ತಾದ ಮೇಲೆ ಜನ ಬರುತ್ತಾರೆ, ಮುಗಿದದ್ದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಾರೆ. ಕೆದಿಲಾಯರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಆಂಡ್ರಿಯಾ ಬಾಯಿ ಮೀಟಿಂಗಿನ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದರು. “ಎಲೆ ಲೆಕ್ಕದಲ್ಲಿ ನೀವು ಭಾರಿ ಹುಷಾರು ಅಂತ ಕೇಳಿದ್ದೇನೆ. ಬರುವ ಭಾನುವಾರ ಇದೇ ಹತ್ತು ಕುಡಿಯಲ್ಲಿ ಎಷ್ಟಿರ್ತದೆ, ಹೇಳಿ ನೋಡುವ.”

“ಆರುನೂರು. ಅದಕ್ಕಿಂತ ಹೆಚ್ಚಿಲ್ಲ.”

“ಹೆಚ್ಚಿದ್ರೆ ಮದ್ದು. ಬರೆದುಕೊಳ್ಳಲಾ?”

“ಬರೀರಿ.”

ಮನೆಗೆ ಬಂದ ಮೇಲೆ ಗಿರಿಜಾ ನಗಲಿಲ್ಲ. “ನಿಮಗೆ ಬಳ್ಳಿ ಹೋದ್ರೆ ಬೇಸರ ಮಾತ್ರ. ನನಗೆ ದೋಸೆ ಲೆಕ್ಕ ಪುನಃ ಶುರುವಾಗ್ತದೆ. ಆ ಆರುನೂರು ತಪ್ಪಬಾರದು, ನೋಡಿ.”

ತಪ್ಪುವ ದಾರಿ ಮರುದಿನವೇ ಶುರುವಾಯಿತು, ಅದೂ ಭೂತಕನ್ನಡಿಯಿಂದಾಗಿ. ಹಿಂದಿನ ವರ್ಷ ಅವರ ಬಳಿ ಅದು ಇರಲಿಲ್ಲ, ಹೇನನ್ನು ಅಂದಾಜಿನಲ್ಲಿ ಬರೆದಿದ್ದರು, ಹುಳಗಳಲ್ಲಿ ಕೆಂಪಗಿನ ದೊಡ್ಡವು ಮಾತ್ರ ಕಣ್ಣಿಗೆ ಬಿದ್ದಿದ್ದವು. ಉಪಕರಣ ಸುಧಾರಿಸಿದಾಗ ಹೊಸ ತಪ್ಪುಗಳಿಗೂ ಅವಕಾಶವಾಗುತ್ತದೆ. ಸೋಮವಾರ ಬೆಳಿಗ್ಗೆ ಕೆದಿಲಾಯರಿಗೆ ಹೇನುಗಳ ನಡುವೆ ಬೇರೆ ಜಾತಿಯ ಜೀವಿಯೊಂದು ಕಂಡಿತು. ಕಪ್ಪು ಮೈ, ಮೈ ತುಂಬ ಮುಳ್ಳು, ಆರು ಕಾಲು. ಮೊಸಳೆಯೊಂದನ್ನು ಅಕ್ಕಿ ಕಾಳಿನಷ್ಟಕ್ಕೆ ಕುಗ್ಗಿಸಿದ ಹಾಗಿತ್ತು. ಹುಡುಕಿದಾಗ ಹದಿನಾಲ್ಕು ಸಿಕ್ಕಿದವು.

ಸಭಾಭವನದಲ್ಲಿ ಅವರಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ಮದುವೆಗೆ ಎರಡೂ ಕಡೆಗೆ ಸೇರದವರು ಕೆಲವರು ಊಟಕ್ಕೆ ಬರುವುದುಂಟು. ಅವರನ್ನು ಗುರುತಿಸುವುದು ಸುಲಭ ಎನ್ನುತ್ತಿದ್ದರು ಕೆದಿಲಾಯರು. ಅವರು ಯಾರ ಮುಖವನ್ನೂ ನೋಡುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ, ಬಹಳ ಅವಸರದಲ್ಲಿರುತ್ತಾರೆ, ಸೀದಾ ಊಟದ ಕಡೆಗೇ ನಡೆಯುತ್ತಾರೆ. ಈ ಮುಳ್ಳಿನ ಹುಳಗಳ ನಡೆಯೂ ಚಾಚೂ ತಪ್ಪದೆ ಹಾಗೇ ಇತ್ತು. ಮೂವತ್ತನಾಲ್ಕು ವರ್ಷದ ಅನುಭವ ಒಂದು ನಿಮಿಷದಲ್ಲಿ ತೀರ್ಪು ಕೊಟ್ಟಿತು. ನೋಟುಬುಕ್ಕಿನಲ್ಲಿ ಹೊಸ ಕಾಲಂ ಎಳೆದು, ‘ಕರೆಯದೆ ಬಂದವರು: 14’ ಎಂದು ಬರೆದರು.

ಸಭಾಭವನದಲ್ಲಿ ಅಂಥವರನ್ನು ಅವರು ಅವಮಾನ ಮಾಡಿ ಹೊರಗೆ ಹಾಕುತ್ತಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟು, ಕೊನೆಯ ಪಂಕ್ತಿಗೆ ಬನ್ನಿ ಎಂದು ಮೆಲ್ಲನೆ ಕಳಿಸುತ್ತಿದ್ದರು. ಇಲ್ಲೂ ಹಾಗೆಯೇ. ಹದಿನಾಲ್ಕನ್ನೂ ಹತ್ತಿಯ ಕಡ್ಡಿಯಿಂದ ಬಿಸ್ಕತ್ತಿನ ಡಬ್ಬಿಗೆ ಇಳಿಸಿ, ಕೆಳಗೆ ಗೇಟಿನ ಬಳಿ ಇದ್ದ ದಾಸವಾಳದ ಗಿಡಕ್ಕೆ ಬಿಟ್ಟುಬಂದರು. ಆ ದಾಸವಾಳವನ್ನು ನೆಟ್ಟು ಸಾಕಿದವರು ಆಂಡ್ರಿಯಾ ಬಾಯಿ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಹತ್ತಿರದಲ್ಲಿ ಬೇರೆ ಗಿಡ ಇರಲಿಲ್ಲ.

ಮಂಗಳವಾರ ಇಪ್ಪತ್ತಮೂರು. ಬುಧವಾರ ಮೂವತ್ತೊಂದು. ಮೂರು ದಿನದಲ್ಲಿ ಅರುವತ್ತೆಂಟು ಕರೆಯದವರು ಮೆಟ್ಟಿಲಿಳಿದು ಹೋದರು. ಅದೇ ಮೂರು ದಿನ ಹೇನು ಸಾವಿರದ ಐನೂರ ಹತ್ತಾಯಿತು, ಸಾವಿರದ ಎಂಟುನೂರ ಮೂವತ್ತಾಯಿತು, ಎರಡು ಸಾವಿರದ ನೂರ ತೊಂಬತ್ತಾಯಿತು. ಗುಲಗಂಜಿ ಹುಳ ಒಂಬತ್ತು ಇದ್ದದ್ದು ಹನ್ನೊಂದಾದದ್ದೇ ದೊಡ್ಡದು.

“ಊಟ ಇಷ್ಟುಂಟು, ತಿನ್ನುವವರು ಮಾತ್ರ ಬರುವುದಿಲ್ಲ,” ಎಂದರು ಕೆದಿಲಾಯರು ರಾತ್ರಿ ಅನ್ನ ಕಲಸುತ್ತ. “ನನ್ನ ಸರ್ವಿಸಿನಲ್ಲಿ ಹೀಗಾದದ್ದಿಲ್ಲ.”

“ಬಂದವರನ್ನು ಬಾಗಿಲಲ್ಲೇ ಯಾರಾದ್ರೂ ಹಿಂದೆ ಕಳಿಸ್ತಾರಾ ನೋಡಿ,” ಎಂದರು ಗಿರಿಜಾ ಸುಮ್ಮನೆ. ಆ ಮಾತು ಎಷ್ಟು ಸರಿಯಾಗಿ ತಾಗಿತೆಂದು ಹೇಳಿದವರಿಗೂ ಗೊತ್ತಾಗಲಿಲ್ಲ, ಕೇಳಿದವರಿಗೂ ಗೊತ್ತಾಗಲಿಲ್ಲ.

ಗುರುವಾರ ಹೇನು ಎರಡು ಸಾವಿರದ ಐನೂರ ಅರುವತ್ತು. ಡಬ್ಬಿಯಲ್ಲಿ ನಲವತ್ತೊಂದು. ಎಂಟು ಗಂಟೆ ಹೊತ್ತಿಗೆ ಕೆದಿಲಾಯರು ಡಬ್ಬಿ ಹಿಡಿದು ಗೇಟಿನ ಬಳಿ ಬಂದಾಗ ಆಂಡ್ರಿಯಾ ಬಾಯಿ ದಾಸವಾಳದ ಮುಂದೆ ಕತ್ತರಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಬೀಜ ಗೊಬ್ಬರದ ಅಂಗಡಿಯ ಅಹ್ಮದ್ ಬಾವ. ಭಾನುವಾರ ಮದ್ದು ಬಿಡಲು ಎಷ್ಟು ಲೀಟರ್ ಬೇಕೆಂದು ನೋಡಿಹೋಗಲು ಅವರನ್ನು ಕರೆಸಿದ್ದರು.

“ಬನ್ನಿ ಭಟ್ರೇ, ನೋಡಿ,” ಎಂದರು ಆಂಡ್ರಿಯಾ ಬಾಯಿ, ಸಂತೋಷದಿಂದ. “ಒಂದು ತಿಂಗಳಿಂದ ಈ ಗಿಡದಲ್ಲಿ ಮೊಗ್ಗು ನಿಲ್ಲುತ್ತಿರಲಿಲ್ಲ. ಎಲ್ಲ ಹೇನು. ಮೂರೇ ದಿನದಲ್ಲಿ ಕ್ಲೀನ್ ಆಗಿದೆ. ನಾನು ಎಂತದ್ದೂ ಹಾಕ್ಲಿಲ್ಲ, ದೇವರಾಣೆ. ನಿಮ್ಮ ಕೈಯಲ್ಲಿ ಎಂತ ಅದು?”

ಕೆದಿಲಾಯರಿಗೆ ಜೀವನದಲ್ಲಿ ಎರಡು ವಿಷಯ ಬರುವುದಿಲ್ಲ. ಒಂದು ಸೈಕಲ್, ಇನ್ನೊಂದು ಸುಳ್ಳು.

“ನಲವತ್ತೊಂದು,” ಎಂದರು.

“ನಲವತ್ತೊಂದು ಎಂತದ್ದು?”

“ಹುಳ. ನನ್ನ ಬಳ್ಳಿಯದ್ದು. ಕೊಲ್ಲಲಿಕ್ಕೆ ಮನಸ್ಸಾಗ್ಲಿಲ್ಲ, ಬಾಯಿ. ಸೋಮವಾರದಿಂದ ಇಲ್ಲಿ ಬಿಡ್ತಾ ಇದ್ದೇನೆ.”

“ನನ್ನ ಗಿಡಕ್ಕಾ?” ಆಂಡ್ರಿಯಾ ಬಾಯಿಯ ಕತ್ತರಿ ಗಾಳಿಯಲ್ಲೇ ನಿಂತಿತು. “ನಿಮ್ಮ ಹುಳ ಸಾಯಬಾರದು, ನನ್ನ ದಾಸವಾಳ ಸತ್ತರೆ ಅಡ್ಡಿ ಇಲ್ಲ, ಅಲ್ವಾ?”

ಅಹ್ಮದ್ ಬಾವ ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದರು. ಒಳಗೆ ನೋಡಿದರು. ಕೆದಿಲಾಯರನ್ನು ನೋಡಿದರು. ಪುನಃ ಒಳಗೆ ನೋಡಿದರು. ಆಮೇಲೆ ಗೇಟಿನ ಕಂಬ ಹಿಡಿದುಕೊಂಡು ನಕ್ಕರು.

“ಭಟ್ರೇ, ಇದು ಎಂತ ಅಂತ ಗೊತ್ತುಂಟಾ?”

“ಕರೆಯದೆ ಬಂದವರು.”

“ಎಂತ ಕರೆಯದೆ ಮಾರಾಯ್ರೇ! ಇದು ಗುಲಗಂಜಿ ಹುಳದ ಮರಿ. ದೊಡ್ಡದಾದ ಮೇಲೆ ರೆಕ್ಕೆ ಬಂದು ಕೆಂಪಾಗುವುದು. ದೊಡ್ಡದಕ್ಕಿಂತ ಹೆಚ್ಚು ಹೇನು ತಿನ್ನುವುದೇ ಇದು. ಒಂದೊಂದು ದಿನಕ್ಕೆ ನಲವತ್ತು ಐವತ್ತು ಮುಗಿಸ್ತದೆ. ನೀವು ಮದುಮಗನ ಕಡೆಯವರನ್ನೇ ಹೆಗಲು ಹಿಡಿದು ಹೊರಗೆ ಕಳಿಸಿದ್ದು!”

ಕೆದಿಲಾಯರ ತುಟಿ ಅಲ್ಲಾಡಿತು. ಅರುವತ್ತೆಂಟನ್ನು ನಲವತ್ತೈದರಿಂದ ಗುಣಿಸುತ್ತಿದ್ದರು. ಉತ್ತರ ಬಂದಾಗ ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟರು.

“ನಿಮಗೆ ಇದು ಹೇಳಿ ಎಂತ ಲಾಭ, ಬಾವ?” ಎಂದು ಕೇಳಿದರು ಆಂಡ್ರಿಯಾ ಬಾಯಿ. “ಮದ್ದು ಮಾರುವವರು ನೀವು.”

“ಮದ್ದು ಮಾರ್ಲಿಕ್ಕುಂಟು ಮೇಡಂ, ಸುಳ್ಳು ಮಾರ್ಲಿಕ್ಕಿಲ್ಲ. ಮದ್ದು ಬಿಟ್ರೆ ಮೊದಲು ಸಾಯುವುದು ಈ ಪಾಪದವು. ಉಳಿದ ಹೇನು ಹದಿನೈದು ದಿನದಲ್ಲಿ ಡಬಲ್ ಆಗ್ತದೆ. ಆಗ ನೀವು ಪುನಃ ನನ್ನನ್ನೇ ಕರೆಯುವುದು. ನನಗೆಂತ ನಷ್ಟ?”

ಆಂಡ್ರಿಯಾ ಬಾಯಿಗೆ ಈಗ ಬೇರೊಂದು ಚಿಂತೆ ಹತ್ತಿತು. “ಭಟ್ರೇ, ಇಲ್ಲಿ ಬಿಟ್ಟದ್ದನ್ನು ವಾಪಸ್ ತಗೊಂಡು ಹೋಗ್ತೀರಾ?”

“ಕೊಟ್ಟರೆ.”

“ಎಲ್ಲ ಕೊಡುವುದಿಲ್ಲ.”

ಮೂವರೂ ಸೇರಿ ಮುಕ್ಕಾಲು ಗಂಟೆ ದಾಸವಾಳದ ಎಲೆಗಳನ್ನು ಮಗುಚಿ ನೋಡಿದರು. ಐವತ್ತೇಳು ಸಿಕ್ಕಿದವು. ಹನ್ನೆರಡನ್ನು ಆಂಡ್ರಿಯಾ ಬಾಯಿ ತನ್ನ ಗಿಡಕ್ಕೆ ಉಳಿಸಿಕೊಂಡರು, ಅದೂ ದಪ್ಪಗಿನವನ್ನು ಆರಿಸಿ. ನಲವತ್ತೈದು ಹಳಬರು, ನಲವತ್ತೊಂದು ಹೊಸಬರು, ಒಟ್ಟು ಎಂಬತ್ತಾರು ಜನ ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕು ಮಹಡಿ ಹತ್ತಿದರು. ಕೆದಿಲಾಯರು ಒಂದೊಂದನ್ನೂ ಕುಡಿಯ ಬುಡದಲ್ಲಿ ಇಳಿಸುವಾಗ, “ಬನ್ನಿ, ಕೂತುಕೊಳ್ಳಿ” ಎಂದರೆಂದು ಗಿರಿಜಾ ಆಮೇಲೆ ಕಟ್ಟಡವಿಡೀ ಹೇಳಿಕೊಂಡು ಬಂದರು. ಕೆದಿಲಾಯರು ಅದನ್ನು ಒಪ್ಪುವುದಿಲ್ಲ.

ಆದರೆ ಮೂರು ದಿನ ಕೈತಪ್ಪಿ ಹೋಗಿತ್ತು. ಶುಕ್ರವಾರದ ಲೆಕ್ಕ ಸಾವಿರದ ಏಳುನೂರ ತೊಂಬತ್ತು, ಶನಿವಾರದ್ದು ಸಾವಿರದ ನೂರ ಐದು. ಇಳಿಯುತ್ತಿದೆ, ಸಂಶಯವಿಲ್ಲ. ಆದರೆ ಇಳಿಯುವ ವೇಗವನ್ನು ಮುಂದಕ್ಕೆ ಎಳೆದು ನೋಡಿದರೆ ಭಾನುವಾರ ಬೆಳಿಗ್ಗೆ ಆರುನೂರರ ಆಚೆಗೋ ಈಚೆಗೋ ಹೇಳುವಂತಿರಲಿಲ್ಲ.

“ಪೈಪಿನಲ್ಲಿ ಜೋರು ನೀರು ಬಿಡುವ,” ಎಂದರು ಗಿರಿಜಾ ಶನಿವಾರ. “ಅರ್ಧ ಉದುರಿ ಹೋಗ್ತದೆ. ಯಾರಿಗೆ ಗೊತ್ತಾಗ್ತದೆ?”

“ಮರಿಗಳೂ ಉದುರ್ತವೆ.”

“ಹಾಗಾದ್ರೆ ದಾರ ಕಟ್ಟಿದ ಹತ್ತು ಕುಡಿಯನ್ನು ಮಾತ್ರ ಮೆಲ್ಲ ಬೆರಳಲ್ಲಿ ಒರೆಸಿ.”

“ಆಮೇಲೆ ನಾನು ಎಣಿಸುವುದು ಎಂತದ್ದನ್ನು? ನನ್ನ ಬೆರಳನ್ನಾ?”

ಗಿರಿಜಾ ಒಂದು ನಿಮಿಷ ಗಂಡನ ಮುಖ ನೋಡಿದರು. “ಕೂಪನ್ ಮಿಶಿನು ನಿಮ್ಮಷ್ಟು ಹಠ ಮಾಡ್ಲಿಕ್ಕಿಲ್ಲ,” ಎಂದು ಒಳಗೆ ಹೋಗಿ, ಅವರಿಗೆ ಇಷ್ಟವಾದ ಗೆಣಸಲೆ ಕಡುಬಿಗೆ ಅರಿಸಿನದ ಎಲೆ ತೊಳೆದಿಟ್ಟರು.

ಭಾನುವಾರ ಹತ್ತೂವರೆಗೆ ಆಂಡ್ರಿಯಾ ಬಾಯಿ ಚರ್ಚಿನಿಂದ ಸೀದಾ ಟೆರೇಸಿಗೆ ಬಂದರು, ಕೈಯಲ್ಲಿ ಮೀಟಿಂಗಿನ ಪುಸ್ತಕ. ಅಹ್ಮದ್ ಬಾವ ಬೆನ್ನಿಗೆ ಹಾಕುವ ಪಂಪು ಹೊತ್ತು ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಕೆದಿಲಾಯರು ಹತ್ತನೇ ಕುಡಿ ಮುಗಿಸಿ ಕೂಡಿಸುತ್ತಿದ್ದರು. ಗಿರಿಜಾ ಅವರ ಹೆಗಲ ಮೇಲಿಂದ ನೋಟುಬುಕ್ಕಿಗೆ ಬಗ್ಗಿ ಸಂಖ್ಯೆ ನೋಡಿದರು.

“ಆ ಮೂವತ್ತೆಂಟು ನಿಮ್ಮ ಕಣ್ಣಿಗೆ ಮಾತ್ರ ಕಾಣುವುದು,” ಎಂದು ಪಿಸುಗುಟ್ಟಿದರು. “ಬಳ್ಳಿಯಲ್ಲಿ ನನಗೆ ಆರುನೂರೇ ಕಾಣ್ತದೆ.”

“ನೀನು ಕನ್ನಡಕ ಹಾಕ್ಲಿಲ್ಲ.”

“ಅದಕ್ಕೇ ಹೇಳಿದ್ದು.”

ಕೆದಿಲಾಯರು ಎದ್ದು ನಿಂತರು. “ಆರುನೂರ ಮೂವತ್ತೆಂಟು, ಬಾಯಿ. ನನ್ನ ಲೆಕ್ಕ ತಪ್ಪಿತು.” ಮೂವತ್ತೇಳು ವರ್ಷದಲ್ಲಿ ಈ ಎರಡನೇ ವಾಕ್ಯವನ್ನು ಅವರು ಹೇಳಿದ್ದನ್ನು ಗಿರಿಜಾ ಕೇಳಿರಲಿಲ್ಲ. ಹದಿನಾಲ್ಕು ಎಲೆ ತಪ್ಪಿದ ದಿನವೂ ಹೇಳಿರಲಿಲ್ಲ. ಅವರು ಗಂಡನ ಪಕ್ಕಕ್ಕೆ ಬಂದು ನಿಂತರು.

ಅಹ್ಮದ್ ಬಾವ ಪಂಪನ್ನು ಇಳಿಸಿದರು. ಮದ್ದಿನ ಬಾಟಲಿ ಜೇಬಿನಿಂದ ಹೊರಗೆ ಬಂತು, ಆದರೆ ಮುಚ್ಚಳ ತೆಗೆಯಲು ಅವರಿಗೆ ಕೈ ಬರುತ್ತಿರಲಿಲ್ಲ. “ಮೂವತ್ತೆಂಟು ಹುಳಕ್ಕೆ ಎಷ್ಟು ಎಮ್ಮೆಲ್ ಹಾಕುವುದು ಮೇಡಂ? ಬಾಟಲಿಯಲ್ಲಿ ಅಷ್ಟು ಸಣ್ಣ ಗೀಟು ಇಲ್ಲ.”

ಆಂಡ್ರಿಯಾ ಬಾಯಿ ಚಪ್ಪರದ ಅಡಿಯಲ್ಲಿ ಒಂದು ಸುತ್ತು ಹಾಕಿದರು. ಒಂದು ಕುಡಿಯ ಮುಂದೆ ನಿಂತು, ಮುಳ್ಳಿನ ಮರಿಯೊಂದು ಹೇನನ್ನು ಹಿಡಿದೆತ್ತಿ ತಿನ್ನುವುದನ್ನು ರೋಗಿಗೆ ಡ್ರಿಪ್ ಇಳಿಯುವುದನ್ನು ನೋಡುವ ತಾಳ್ಮೆಯಿಂದ ನೋಡಿದರು. ಆಮೇಲೆ ಮೀಟಿಂಗಿನ ಪುಸ್ತಕ ತೆರೆದು ತಾನೇ ಬರೆದದ್ದನ್ನು ಓದಿದರು.

“ಇಲ್ಲಿ ಭಾನುವಾರ ಅಂತ ಉಂಟು. ಗಂಟೆ ಬರೆದಿಲ್ಲ.”

ಅವರು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು.

“ಬರೆಯದ್ದು ನನ್ನ ತಪ್ಪು. ಆದರೆ ಬರೆದದ್ದು ಬರೆದದ್ದೇ. ಭಾನುವಾರ ಇನ್ನೂ ಮುಗೀಲಿಲ್ಲ. ಸಂಜೆ ನಾಲ್ಕಕ್ಕೆ ಪುನಃ ಎಣಿಸಿ, ಭಟ್ರೇ. ಆಗಲೂ ಆರುನೂರಕ್ಕಿಂತ ಹೆಚ್ಚಿದ್ರೆ ನನ್ನತ್ರ ಎಂತದ್ದೂ ಹೇಳಬೇಡಿ. ಬಾವ, ನೀವು ನಾಲ್ಕಕ್ಕೆ ಬನ್ನಿ.”

“ಪಂಪು ಇಲ್ಲೇ ಇರ್ಲಿ,” ಎಂದರು ಅಹ್ಮದ್ ಬಾವ. “ಇನ್ನೊಮ್ಮೆ ಹೊತ್ತುಕೊಂಡು ಬರ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ.”

ಮಧ್ಯಾಹ್ನವಿಡೀ ಗಿರಿಜಾ ಗಂಡನನ್ನು ಟೆರೇಸಿಗೆ ಬಿಡಲಿಲ್ಲ. “ಊಟಕ್ಕೆ ಕೂತವರ ಬಾಯಿ ನೋಡಬಾರದು ಅಂತ ಸಭಾಭವನದಲ್ಲಿ ನೀವೇ ಹುಡುಗರಿಗೆ ಬೈತಿದ್ದದ್ದು,” ಎಂದು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತರು. ಕೆದಿಲಾಯರು ಎರಡು ಗೆಣಸಲೆ ತಿಂದರು. ಎಷ್ಟು ತಿಂದೆನೆಂದು ಅವರಿಗೆ ನೆನಪಿರಲಿಲ್ಲ. ಎಣಿಸಿದ್ದು ಗಿರಿಜಾ.

ನಾಲ್ಕಕ್ಕೆ ಎಲ್ಲರೂ ಮೇಲಿದ್ದರು. ಬಿಸಿಲು ಚಪ್ಪರದ ಪಡುಗಡೆಯಿಂದ ಓರೆಯಾಗಿ ಬೀಳುತ್ತಿತ್ತು. ಕೆದಿಲಾಯರು ಸ್ಟೂಲನ್ನು ಒಂದನೇ ಕುಡಿಯಿಂದ ಹತ್ತನೇ ಕುಡಿಯವರೆಗೆ ಒಂದೊಂದಾಗಿ ಸರಿಸುತ್ತ ಐವತ್ತೈದು ನಿಮಿಷ ಎಣಿಸಿದರು. ಅಹ್ಮದ್ ಬಾವ ಪಂಪಿನ ಮೇಲೆ ಕೂತು ಮೊಬೈಲು ನೋಡುವುದನ್ನು ಮರೆತಿದ್ದರು. ಆಂಡ್ರಿಯಾ ಬಾಯಿ ಹಗ್ಗದಲ್ಲಿ ಒಣಗಿದ ಬೆಡ್‌ಶೀಟನ್ನು ತೆಗೆದು, ಮಡಚಿ, ಬಿಚ್ಚಿ, ಪುನಃ ಮಡಚಿದರು. ಹತ್ತನೇ ಕುಡಿಯಲ್ಲಿ ಕಡ್ಡಿ ನಿಂತಿತು. ಕೆದಿಲಾಯರು ಹತ್ತು ಸಂಖ್ಯೆಗಳನ್ನು ಮೇಲಿಂದ ಕೆಳಗೆ ಒಮ್ಮೆ ಕೂಡಿಸಿದರು, ಕೆಳಗಿಂದ ಮೇಲೆ ಇನ್ನೊಮ್ಮೆ ಕೂಡಿಸಿದರು.

“ಹೇಳಿ ಭಟ್ರೇ,” ಎಂದರು ಆಂಡ್ರಿಯಾ ಬಾಯಿ, “ನನಗೆ ಬಿ.ಪಿ. ಉಂಟು.”

ಕೆದಿಲಾಯರು ಸ್ಟೂಲಿನಿಂದ ಎದ್ದರು. ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದವರೂ ತಲೆ ಎತ್ತಿ ನೋಡುವಷ್ಟು ದೊಡ್ಡ ಸ್ವರದಲ್ಲಿ ಹೇಳಿದರು:

“ಐನೂರ ಹನ್ನೊಂದು!”